ಟವರ್ ಕ್ರೇನ್: ಎತ್ತಿ ನಿಲ್ಲಿಸುವ ಮುನ್ನ ಪ್ರತಿ ತುಂಡಿನ ನಂಬರ್ ಬರೆದುಕೊಳ್ಳಿ

ಹಾಸನದ ಬಿ.ಎಂ. ರಸ್ತೆಯ ಸೈಟಿಗೋ ಚಿಕ್ಕಮಗಳೂರಿನ ಹೊರವಲಯಕ್ಕೋ ಬಾಡಿಗೆ ಟವರ್ ಕ್ರೇನ್ ಬಂದಿಳಿದಾಗ ಟ್ರೇಲರ್ ಮೇಲಿರುವುದು ಬಿಡಿ ತುಂಡುಗಳು: ಮಾಸ್ಟ್ (ನೆಟ್ಟಗೆ ನಿಲ್ಲುವ ಕಂಬ), ಜಿಬ್ (ಭಾರ ಎತ್ತುವ ಮುಂದಿನ ತೋಳು), ಕೌಂಟರ್ ಜಿಬ್ (ಹಿಂದಿನ ಗಿಡ್ಡ ತೋಳು), ಕ್ಯಾಬಿನ್, ಹಿಂದಿನ ತೋಳಿನ ಮೇಲೆ ಸಮತೋಲಕ್ಕೆ ಇಡುವ ಕಾಂಕ್ರೀಟ್ ತೂಕದ ಕಲ್ಲುಗಳು. ಒಂದೊಂದೂ ಹಿಂದೆ ಬೇರೆ ಬೇರೆ ಸೈಟಿನಲ್ಲಿ ದುಡಿದಿರಬಹುದು. ಆದ್ದರಿಂದ ಮೊದಲ ಕೆಲಸ ಸ್ಪ್ಯಾನರ್‌ನದಲ್ಲ, ಪೆನ್ನಿನದು.

ಗುರುತು ಹಿಡಿಯುವುದು

ತಯಾರಕರ ಫಲಕದಲ್ಲಿರುವ ಮಾದರಿ, ಸರಣಿ ಸಂಖ್ಯೆ, ತಯಾರಾದ ವರ್ಷ ಇವನ್ನು ಬಾಡಿಗೆ ಕರಾರಿನ ಜೊತೆ ತಾಳೆ ನೋಡಿ. ಆಮೇಲೆ ಪ್ರತಿ ಮಾಸ್ಟ್ ತುಂಡನ್ನೂ ನೋಡಿ. ಎರಡು ಮಾದರಿಗಳ ತುಂಡುಗಳ ಅಗಲವೂ ಬೋಲ್ಟ್ ರಂಧ್ರವೂ ಕೂಡಿಬಂದರೂ ಒಳಗಿನ ಉಕ್ಕಿನ ದಪ್ಪ ಬೇರೆಯಿರಬಹುದು. ತೆಳುವಾದದ್ದು ಕೆಳಗೆ ಕೂತರೆ ಮೇಲಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನಂಬರ್ ಅಳಿಸಿಹೋದ, ಹೊಸದಾಗಿ ಬಣ್ಣ ಬಳಿದು ಮುಚ್ಚಿದ ತುಂಡನ್ನು ಬದಿಗಿಡಿ. ಬೆಸುಗೆಯ ಮೂಲೆಗಳಲ್ಲಿ ಬಣ್ಣ ಕೆರೆದು ಬಿರುಕು ಹುಡುಕಿ. ಯಾವ ನಂಬರಿನ ತುಂಡು ಕೆಳಗಿನಿಂದ ಎಷ್ಟನೆಯದು ಎಂಬ ಪಟ್ಟಿಯನ್ನು ಆ ದಿನವೇ ಬರೆದಿಡಿ. ಕ್ರೇನ್ ನಿಂತ ಮೇಲೆ ಈ ಪಟ್ಟಿ ಮಾಡುವುದು ಬಹಳ ಕಷ್ಟ.

ತಳಪಾಯ

ಬುನಾದಿಯ ಅಳತೆ ಮಣ್ಣು ಪರೀಕ್ಷೆಯ ವರದಿಯನ್ನು ಆಧರಿಸಿರಬೇಕು, ಹಿಂದಿನ ಸೈಟಿನ ನಕ್ಷೆಯನ್ನಲ್ಲ. ನಮ್ಮ ಕಡೆ ಗದ್ದೆ ತುಂಬಿಸಿದ ನಿವೇಶನಗಳಿವೆ. ಮೇಲೆ ಕೆಮ್ಮಣ್ಣು ಗಟ್ಟಿಯಾಗಿ ಕಂಡರೂ ಕೆಳಗೆ ಜೌಗು ಇರುತ್ತದೆ. 6 ಮೀ × 6 ಮೀ × 1.4 ಮೀ ಬುನಾದಿಯೆಂದರೆ ಸುಮಾರು 50 ಘನಮೀಟರ್ ಕಾಂಕ್ರೀಟ್, 120 ಟನ್ ತೂಕ. ಮಾಸ್ಟ್ ಕೂರಲು ಕಾಂಕ್ರೀಟಿನಲ್ಲಿ ಹೂಳುವ ನಾಲ್ಕು ಉಕ್ಕಿನ ಕಾಲುಗಳ (ಫಿಕ್ಸಿಂಗ್ ಆಂಗಲ್) ಮಟ್ಟವನ್ನು ಕಾಂಕ್ರೀಟ್ ಸುರಿಯುವ ಮುನ್ನ ಒಮ್ಮೆ, ಸುರಿಯುತ್ತಿರುವಾಗ ಮತ್ತೊಮ್ಮೆ ಆಟೋ ಲೆವೆಲ್ ಎಂಬ ಮಟ್ಟ ನೋಡುವ ಉಪಕರಣದಲ್ಲಿ ನೋಡಿ. ಕಾಂಕ್ರೀಟ್ ಅದುರಿಸುವ ವೈಬ್ರೇಟರ್ ತಗುಲಿ ಒಂದು ಕಾಲು ಕೆಲವೇ ಮಿಲಿಮೀಟರ್ ಸರಿದರೂ ನಲವತ್ತು ಮೀಟರ್ ಎತ್ತರದಲ್ಲಿ ಆ ಓರೆ ಹಲವು ಪಟ್ಟು ಹೆಚ್ಚುತ್ತದೆ. ಕಾಂಕ್ರೀಟಿನ ಬಲ ಅಳೆಯುವ ಕ್ಯೂಬ್ ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಮಾಸ್ಟ್ ಏರಿಸಬೇಡಿ. ಗುಂಡಿಯಲ್ಲಿ ಮಳೆನೀರು ನಿಲ್ಲದಂತೆ ಪಂಪು, ಏಪ್ರಿಲ್–ಮೇ ಸಿಡಿಲಿಗಾಗಿ ಅರ್ಥಿಂಗ್, ಎರಡೂ ಬೇಕು.

ಜೋಡಿಸುವ ಕ್ರಮ

ಮಾಸ್ಟ್, ತಿರುಗುವ ಭಾಗ, ಕ್ಯಾಬಿನ್, ಮೇಲಿನ ಶಿಖರ, ಕೌಂಟರ್ ಜಿಬ್: ಸಾಮಾನ್ಯ ಕ್ರಮ ಇದು. ನಂತರ ತಯಾರಕರ ಕೈಪಿಡಿ ಹೇಳಿದಷ್ಟೇ ತೂಕದ ಕಲ್ಲು, ಆಮೇಲೆ ಜಿಬ್, ಕೊನೆಗೆ ಉಳಿದ ಕಲ್ಲುಗಳು. ಮೊಬೈಲ್ ಕ್ರೇನ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುತ್ತದೆಂದು ಎಲ್ಲ ಕಲ್ಲನ್ನೂ ಜಿಬ್‌ಗಿಂತ ಮೊದಲೇ ಇಟ್ಟರೆ ಮಾಸ್ಟ್ ಹಿಂದಕ್ಕೆ ಬಾಗುತ್ತದೆ. ಈ ತಪ್ಪಿಗೆ ಯಾವ ಕಾರಣವೂ ಸಮರ್ಥನೆಯಲ್ಲ.

ಜೂನ್ ನಂತರ ನೆಲದಲ್ಲಿ ತಂಗಾಳಿ ಎನಿಸಿದರೂ ಮೇಲೆ ಗಾಳಿ ಬಿರುಸಾಗಿರುತ್ತದೆ. ಜೋಡಣೆಗೆ ಇರುವ ಗಾಳಿಯ ಮಿತಿ ದಿನದ ಕೆಲಸದ ಮಿತಿಗಿಂತ ಕಡಿಮೆ, ಕೈಪಿಡಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಓದಿ. ಬೋಲ್ಟ್‌ಗಳನ್ನು ಬಿಗಿಯುವ ಬಲ (ಟಾರ್ಕ್) ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಭಾರ ಬಿದ್ದ ಮೇಲೆ ಅವು ಸಡಿಲಾಗುವುದರಿಂದ ಕೈಪಿಡಿಯ ಅವಧಿಗೆ ಮತ್ತೆ ಬಿಗಿದು, ತಾರೀಖು ಮತ್ತು ಟಾರ್ಕ್ ಬರೆಯಿರಿ.

ಪರೀಕ್ಷೆ

ನಿರ್ಮಾಣ ಕಾರ್ಮಿಕರ ಕೇಂದ್ರ ನಿಯಮಗಳು, 1998ರ ಪ್ರಕಾರ ಸೈಟಿನಲ್ಲಿ ನಿಲ್ಲಿಸಿದ ಮೇಲೆ ಸಮರ್ಥ ವ್ಯಕ್ತಿಯಿಂದ ಪರೀಕ್ಷೆ ಆಗಲೇಬೇಕು. ನಂತರ 12 ತಿಂಗಳಿಗೊಮ್ಮೆ ಸಮಗ್ರ ತಪಾಸಣೆ, 5 ವರ್ಷಕ್ಕೊಮ್ಮೆ ಮರುಪರೀಕ್ಷೆ. 20 ಟನ್‌ವರೆಗಿನ ಸಾಮರ್ಥ್ಯಕ್ಕೆ ಪರೀಕ್ಷಾ ಭಾರ ಆ ಸಾಮರ್ಥ್ಯಕ್ಕಿಂತ ಶೇ 25ರಷ್ಟು ಹೆಚ್ಚು. ಹಳೆಯ ಸೈಟಿನ ಪ್ರಮಾಣಪತ್ರ ಇಲ್ಲಿಗೆ ನಡೆಯುವುದಿಲ್ಲ.

ದಿನದ ಲಾಗ್‌ಬುಕ್

ಬ್ರೇಕ್, ಹಗ್ಗ, ಲಿಮಿಟ್ ಸ್ವಿಚ್ (ಮಿತಿ ಮೀರಿದರೆ ಕ್ರೇನ್ ನಿಲ್ಲಿಸುವ ಸ್ವಿಚ್), ಗಾಳಿಯ ಅಳತೆ ಇವನ್ನು ಆಪರೇಟರ್ ಪ್ರತಿ ಬೆಳಗ್ಗೆ ಬರೆಯಬೇಕು. ಟಿಕ್ ಹಾಕಿದರೆ ಸಾಲದು. ಲಿಮಿಟ್ ಸ್ವಿಚ್ ಕೆಲಸ ಮಾಡದಂತೆ ಅದಕ್ಕೆ ತಂತಿ ಕಟ್ಟುವ ಚಟ ಎಲ್ಲಿಂದ ಬರುತ್ತದೆ ನೋಡಿ: 50 ಮೀಟರ್ ಜಿಬ್‌ನ ತುದಿಯಲ್ಲಿ ಮಿತಿ 1.3 ಟನ್ ಎಂದುಕೊಳ್ಳಿ. ಅರ್ಧ ಘನಮೀಟರ್ ಕಾಂಕ್ರೀಟ್ 1.2 ಟನ್, ಬಕೆಟ್ 200 ಕೆ.ಜಿ. ಸೇರಿ 1.4 ಟನ್. ಸ್ವಿಚ್ ಸರಿಯಾಗಿಯೇ ಕ್ರೇನ್ ನಿಲ್ಲಿಸುತ್ತದೆ, ಮೇಸ್ತ್ರಿ ಅದನ್ನು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಬಕೆಟ್ ಅನ್ನು ಮುಕ್ಕಾಲು ಮಾತ್ರ ತುಂಬಿಸಿ, ಸ್ವಿಚ್ ಎಷ್ಟು ಸಲ ತಡೆಯಿತು ಎಂಬುದನ್ನೂ ಪುಸ್ತಕಕ್ಕೆ ಏರಿಸಿ. ಸಂಜೆ ಕೆಲಸ ಮುಗಿದಾಗ ಹುಕ್ ಖಾಲಿ ಮಾಡಿ ಮೇಲೆತ್ತಿ, ಜಿಬ್ ಗಾಳಿಗೆ ತಾನೇ ತಿರುಗುವಂತೆ ಬ್ರೇಕ್ ಬಿಡಬೇಕು. ಬಿಟ್ಟದ್ದಕ್ಕೆ ಸಹಿ ಬೇಕು.

ಇಳಿಸುವಾಗ

2019ರ ಏಪ್ರಿಲ್ 27ರಂದು ಅಮೆರಿಕದ ಸಿಯಾಟಲ್‌ನಲ್ಲಿ ಕ್ರೇನ್ ಬಿಚ್ಚುತ್ತಿದ್ದಾಗ ಮಾಸ್ಟ್‌ನ ತುಂಡುಗಳನ್ನು ಜೋಡಿಸುವ ಪಿನ್‌ಗಳನ್ನು ಅವಧಿಗೆ ಮೊದಲೇ ತೆಗೆದಿದ್ದರಿಂದ ಅದು ರಸ್ತೆಗೆ ಕುಸಿದು ನಾಲ್ವರು ಸತ್ತರು. ಒಂದು ತುಂಡನ್ನು ಇಳಿಸಿದ ನಂತರವೇ ಮುಂದಿನದರ ಪಿನ್ ಬಿಚ್ಚಬೇಕು. ಕೆಳಗೆ ಬಂದ ಪ್ರತಿ ತುಂಡನ್ನೂ ಮೊದಲ ದಿನದ ಪಟ್ಟಿಯೊಂದಿಗೆ ತಾಳೆ ನೋಡಿ, ಬಾಗಿದ್ದು, ಬಿರುಕು ಬಿಟ್ಟದ್ದನ್ನು ನಂಬರಿನ ಎದುರಿಗೇ ಬರೆಯಿರಿ. ಪಟ್ಟಿಯ ಒಂದು ಪ್ರತಿ ಸೈಟಿನಲ್ಲಿ ಉಳಿಯಲಿ, ಇನ್ನೊಂದು ಟ್ರೇಲರ್ ಚಾಲಕರ ಕೈಗೆ ಹೋಗಲಿ.