ಯುದ್ಧಕ್ಕೆ ದೂಡಿದ್ದು ಯಾರು? ತಾರೀಕು ಹಿಡಿದು ಹುಡುಕಿದ ನನ್ನ ಅನುಭವ

ನಾನು ಮುಂಬೈಯ ಉಪನಗರವೊಂದರ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಭಾನುವಾರ ಸಂಜೆ ನಮ್ಮ ಕನ್ನಡ ಬಳಗದಲ್ಲಿ ಓದಿನ ಕೂಟ ನಡೆಸುತ್ತೇನೆ. ಹೋಟೆಲ್ ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವರು, ಬ್ಯಾಂಕಿನವರು, ಕಾಲೇಜು ಮಕ್ಕಳು ಬರುತ್ತಾರೆ. ಈ ವರ್ಷ ಒಂದೇ ಪ್ರಶ್ನೆ ಹಿಡಿದುಕೊಂಡೆವು. ನಾಯಕ ಯುದ್ಧಕ್ಕೆ ಹೋಗುವುದು ತನ್ನ ಮನಸ್ಸಿನಿಂದಲೋ, ಪಕ್ಕದಲ್ಲಿರುವ ಸಲಹೆಗಾರರ ಮಾತಿನಿಂದಲೋ?

ಇದಕ್ಕೆ ನಾನು ಮಾಡಿಕೊಂಡ ದಾರಿ ಸರಳ. ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ. ಎಡಗಡೆ ಸಲಹೆಗಾರ ಯಾವತ್ತು ಏನು ಹೇಳಿದ. ಬಲಗಡೆ ನಾಯಕ ಅದಕ್ಕೆ ಮುಂಚೆ ಏನು ಹೇಳಿದ್ದ, ಆಮೇಲೆ ಏನು ಮಾಡಿದ. ತಾರೀಕು ಇಲ್ಲದ ಮಾತಿಗೆ ಪುಟದಲ್ಲಿ ಜಾಗ ಇಲ್ಲ. ಆತ್ಮಕಥೆಗಳನ್ನು ಕೊನೆಗೆ ಓದಬೇಕು, ಆ ಹೊತ್ತಿನ ಪತ್ರ, ಟಿಪ್ಪಣಿ, ಭಾಷಣಗಳನ್ನು ಮೊದಲು. ಗೆದ್ದ ಮೇಲೆ ‘ನಾನೇ ಹೇಳಿದ್ದು’ ಎನ್ನುವವರು ಜಾಸ್ತಿ. ಸೋತ ಮೇಲೆ ‘ಬೇಡ ಅಂದಿದ್ದೆ’ ಎನ್ನುವವರು ಇನ್ನೂ ಜಾಸ್ತಿ.

ಮೊದಲು ತೆಗೆದುಕೊಂಡಿದ್ದು 1961ರ ಗೋವಾ. ನಮ್ಮವರಿಗೆ ಅದು ಹತ್ತಿರದ ಕಥೆ. ಕೂಟಕ್ಕೆ ಬರುವ ಹಿರಿಯರೊಬ್ಬರು ಹುಡುಗನಾಗಿದ್ದಾಗಲೇ ಊರು ಬಿಟ್ಟು ಇಲ್ಲಿ ಹೋಟೆಲ್ ಕೆಲಸಕ್ಕೆ ಸೇರಿದವರು. ಗೋವಾ ಅಂದ ತಕ್ಷಣ ಅವರು ಹೇಳಿದರು: “ಮಾಷ್ಟ್ರೇ, ಅದು ಎಲೆಕ್ಷನ್‌ಗೋಸ್ಕರ ಕೃಷ್ಣ ಮೆನನ್ ಮಾಡಿಸಿದ್ದು ಅಂತ ಆಗ ನಮ್ಮ ಹೋಟೆಲಿನಲ್ಲೇ ಮಾತಾಡ್ತಿದ್ರು.”

ಆ ಮಾತಿಗೆ ಆಧಾರ ಇಲ್ಲದೆ ಇಲ್ಲ. ಮೆನನ್ ರಕ್ಷಣಾ ಸಚಿವರು. 1962ರ ಫೆಬ್ರವರಿಯಲ್ಲಿ ಉತ್ತರ ಮುಂಬೈಯಲ್ಲಿ ಆಚಾರ್ಯ ಕೃಪಲಾನಿಯವರ ಎದುರು ನಿಲ್ಲಬೇಕಿತ್ತು. ಗೋವಾಕ್ಕೆ ಸೈನ್ಯ ನುಗ್ಗಿದ್ದು ಅದಕ್ಕೆ ಎರಡೇ ತಿಂಗಳ ಮುಂಚೆ. ಮೆನನ್ ದೊಡ್ಡ ಅಂತರದಲ್ಲಿ ಗೆದ್ದರು. ಇಷ್ಟನ್ನೇ ನೋಡಿದರೆ ಸಲಹೆಗಾರ ನಾಯಕನನ್ನು ದೂಡಿದ ಹಾಗೇ ಕಾಣುತ್ತದೆ, ಅಲ್ವಾ?

ಆದರೆ ಬಲಗಡೆಯ ಸಾಲು ತುಂಬುತ್ತಾ ಹೋದ ಹಾಗೆ ಚಿತ್ರ ಬದಲಾಯಿತು. ನೆಹರೂ 1947ರಿಂದ ಕಾದವರು. 1955ರ ಆಗಸ್ಟ್ 15ರಂದು ಗೋವಾ ಗಡಿಯಲ್ಲಿ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದಾಗಲೂ ಸೈನ್ಯ ಕಳಿಸಲಿಲ್ಲ. ಆಗಲೂ ‘ನುಗ್ಗಿ’ ಎಂದು ಒತ್ತಾಯಿಸಿದವರಿಗೆ ಬರ ಇರಲಿಲ್ಲ. 1961ರ ಹೊತ್ತಿಗೆ ಅವರ ಸುತ್ತಲಿನ ಗಾಳಿಯೇ ಬೇರೆಯಾಗಿತ್ತು. ಆ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಪೋರ್ಚುಗೀಸ್ ವಸಾಹತುಗಳ ಬಗ್ಗೆ ಸಭೆ ನಡೆಯಿತು. ಭಾರತ ಸುಮ್ನೆ ಕೂತಿದೆ ಎಂದು ಆಫ್ರಿಕಾದ ನಾಯಕರು ಎದುರಿಗೇ ದೂರಿದರು. ನವೆಂಬರಿನಲ್ಲಿ ಕಾರವಾರದ ಎದುರಿನ ಅಂಜುದೀವ್ ದ್ವೀಪದಿಂದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿತು. ಅದೇ ತಿಂಗಳು ಒಬ್ಬ ಮೀನುಗಾರ ಸತ್ತ. ಇತ್ತ ಅಮೆರಿಕದ ರಾಯಭಾರಿ ಗಾಲ್‌ಬ್ರೈತ್ ಇನ್ನಷ್ಟು ಕಾಯಿರಿ ಎಂದು ನೆಹರೂ ಅವರನ್ನು ಒಪ್ಪಿಸಲು ಕೊನೆಯವರೆಗೂ ನೋಡಿದರು. ದಾಳಿಯ ದಿನ ಮುಂದಕ್ಕೆ ಹೋಗಿ ಕೊನೆಗೆ ಡಿಸೆಂಬರ್ 18 ಆಯಿತು. ಮರುದಿನ ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾದರು. ಕೊನೆಯ ಮನುಷ್ಯನವರೆಗೂ ಹೋರಾಡಿ ಎಂದು ಲಿಸ್ಬನ್‌ನಿಂದ ಪೋರ್ಚುಗಲ್ ಪ್ರಧಾನಿ ಸಲಾಜಾರ್ ಆಜ್ಞೆ ಕಳಿಸಿದ್ದರೂ ಅವರು ಜನರ ಜೀವ ಉಳಿಸಿದರು. ಆ ಮನುಷ್ಯನ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಹಾಗಾಗಿ ನನ್ನ ತೀರ್ಮಾನ ಇದು: ಗೋವಾ ಬೇಕು ಎನ್ನುವುದನ್ನು ನೆಹರೂಗೆ ಮೆನನ್ ಕಲಿಸಲಿಲ್ಲ. ‘ಈಗಲೇ’ ಎನ್ನುವುದಕ್ಕೆ ಮಾತ್ರ ಅವರು ಜೋರು ಕೊಟ್ಟರು. ಅದೇನು ಸಣ್ಣ ವಿಷಯವಲ್ಲ.

ಇದನ್ನು ಹೇಳಿದಾಗ ಅದೇ ಹಿರಿಯರು ಒಂದು ಮಾತು ಸೇರಿಸಿದರು. ಗಿರಾಕಿ ತನಗೆ ಬೇಕಾದ್ದನ್ನೇ ಕೇಳುತ್ತಾನೆ, ಆದರೆ ಬೋರ್ಡಿನ ಮೇಲೆ ಏನಿರಬೇಕು ಅಂತ ಬರೆಯುವವನು ಬೇರೆ. ಅಲ್ಲಿಂದ ಮುಂದೆ ನಾವು ಬೋರ್ಡನ್ನೇ ನೋಡತೊಡಗಿದೆವು, ಅಂದರೆ ನಾಯಕನ ಮುಂದೆ ಯಾವ ಯಾವ ದಾರಿಗಳಿದ್ದವು ಎನ್ನುವುದನ್ನು.

1962ರಲ್ಲಿ ಸೋವಿಯತ್ ಕ್ಷಿಪಣಿಗಳು ಕ್ಯೂಬಾಕ್ಕೆ ಬಂದಾಗಿನ ಬಿಕ್ಕಟ್ಟಿಗೆ ಅಮೆರಿಕದ ಅಧ್ಯಕ್ಷ ಕೆನಡಿಯವರ ಗುಟ್ಟಿನ ಟೇಪುಗಳಿವೆ. ಅಕ್ಟೋಬರ್ 16ರಂದು ಕೋಣೆಯಲ್ಲಿದ್ದ ಹೆಚ್ಚಿನವರಿಗೆ ಕಂಡ ದಾರಿ ವಿಮಾನದಾಳಿ. ಕೆನಡಿಯವರ ಒಲವೂ ಆ ದಿನ ಅದೇ. ದಿನಗಳು ಸಿಕ್ಕಿದ್ದರಿಂದ ಹಡಗು ತಡೆಯುವ ದಾರಿ ಬೋರ್ಡಿಗೆ ಬಂತು. ಸೇನಾ ಮುಖ್ಯಸ್ಥರು ದಾಳಿಗೇ ಒತ್ತಿದರೂ ಕೆನಡಿ ಒಪ್ಪಲಿಲ್ಲ. 27ರಂದು ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿ ಬಿಟ್ಟುಕೊಡುವ ವಿಚಾರದಲ್ಲಿ ಸಲಹೆಗಾರರಲ್ಲಿ ಬಹುತೇಕರು ಬೇಡ ಎಂದರು, ಅವರು ಮಾತ್ರ ಅದನ್ನು ಕೈಬಿಡಲಿಲ್ಲ. ಅವತ್ತು ಅವರು ಹೂಂ ಅಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ.

ಇರಾಕ್ ಇದಕ್ಕೆ ಉಲ್ಟಾ. 2001ರ ಸೆಪ್ಟೆಂಬರ್ 15ರಂದು ಕ್ಯಾಂಪ್ ಡೇವಿಡ್‌ನಲ್ಲಿ ಅಮೆರಿಕದ ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೋವಿಟ್ಸ್ ಇರಾಕ್ ಮೇಲೆ ದಾಳಿಯ ಮಾತೆತ್ತಿದರು. ಬುಷ್ ಮೊದಲು ಅಫ್ಘಾನಿಸ್ತಾನ ಎಂದರು. 2003ರ ಮಾರ್ಚ್‌ನಲ್ಲಿ ಅದೇ ಬುಷ್ ಇರಾಕಿಗೆ ಸೈನ್ಯ ನುಗ್ಗಿಸಿದರು. ಸಲಹೆಗಾರರು ಅವರೇ, ಸಲಹೆ ಅದೇ. ಬದಲಾಗಿದ್ದು ಕೇಳುವವರ ಮನಸ್ಸು. ಬ್ರಿಟನ್ನಿನಲ್ಲಿ ಇನ್ನೂ ಸ್ಪಷ್ಟ. 2002ರ ಜುಲೈನಲ್ಲಿ ಪ್ರಧಾನಿ ಟೋನಿ ಬ್ಲೇರ್, ಏನೇ ಆಗಲಿ ನಿಮ್ಮ ಜೊತೆ ಇರುತ್ತೇನೆ ಎಂಬರ್ಥದ ಸಾಲನ್ನು ಬುಷ್‌ಗೆ ಬರೆದರು. ಆ ಸಾಲು ತೆಗೆಯಿರಿ ಎಂದು ಅವರ ವಿದೇಶಾಂಗ ಸಲಹೆಗಾರ ಡೇವಿಡ್ ಮ್ಯಾನಿಂಗ್ ಹೇಳಿ ನೋಡಿದ್ದರು. ಸಾಲು ಹಾಗೇ ಹೋಯಿತು. ಇರಾಕ್ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ತನಿಖೆಯ 2016ರ ಚಿಲ್ಕಾಟ್ ವರದಿಯಿಂದ ಆ ಪತ್ರ ಹೊರಗೆ ಬಂತು. ಇಂಥ ಕಾಗದ ಓದುವಾಗ ನನಗೆ ಸಿಟ್ಟು ಬರುತ್ತದೆ. ಒಂದು ಸಾಲಿನ ಹಿಂದೆ ಎಷ್ಟು ಮನೆಗಳ ಮಕ್ಕಳಿದ್ದರು!

ಈಗ ನಮ್ಮ ಪುಟದಲ್ಲಿರುವುದು 1971ರ ಬಾಂಗ್ಲಾ ಯುದ್ಧ. ಮಾರ್ಚ್ 31ರಂದೇ ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ, ಇಂಥ ಅವಕಾಶ ಮತ್ತೆ ಸಿಗದು ಎಂದು ಬಹಿರಂಗವಾಗಿ ಹೇಳಿದ್ದರು. ಇಂದಿರಾ ಗಾಂಧಿಯವರ ಪಕ್ಕದಲ್ಲಿದ್ದ ಪಿ.ಎನ್. ಹಕ್ಸರ್ ತಾಳ್ಮೆಯ ಕಡೆಯವರು. ಆಗಸ್ಟ್ 9ಕ್ಕೆ ಸೋವಿಯತ್ ಒಪ್ಪಂದ, ಡಿಸೆಂಬರ್ 3ಕ್ಕೆ ಯುದ್ಧ. ಸೇನಾ ಮುಖ್ಯಸ್ಥ ಮಾಣೆಕ್‌ಷಾ ಏಪ್ರಿಲ್‌ನಲ್ಲೇ ಪ್ರಧಾನಿಯನ್ನು ತಡೆದರು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಅದು ಅವರೇ ಆಮೇಲೆ ಹೇಳಿಕೊಂಡದ್ದು. ಇಂದಿರಾ ಆಗಲೇ ಯುದ್ಧ ಬೇಕು ಎಂದಿದ್ದರು ಎನ್ನುವುದನ್ನು ಹಲವು ಇತಿಹಾಸಕಾರರು ಒಪ್ಪಿಲ್ಲ. ನಮ್ಮ ಹುಡುಗರು ಅದನ್ನು ಎಡಗಡೆ ಬರೆಯಲು ಹೊರಟಾಗ ನಾನು ತಡೆದೆ. ಮೊದಲು ಏಪ್ರಿಲ್ ತಿಂಗಳ ಬಲಗಡೆ ತುಂಬಲಿ ಎಂದೆ.