ಕ್ವಾರ್ಟೆಟ್ ಬರೆಯೋ ಮಾಸ್ಟರ್ಸ್ ಸ್ಟೂಡೆಂಟ್ಸ್‌ಗೆ
ಮೊದ್ಲು ಹಂಗೇರಿಯ ಸಂಗೀತ ರಚನೆಕಾರ ಬಾರ್ಟೋಕ್‌ನ 1928ರ ನಾಲ್ಕನೇ ಸ್ಟ್ರಿಂಗ್ ಕ್ವಾರ್ಟೆಟ್‌ನ (ಎರಡು ವಯಲಿನ್, ಒಂದು ವಯೋಲಾ, ಒಂದು ಚೆಲ್ಲೋಗೆ ಬರೆದ ಕೃತಿ) ಸ್ಕೋರ್, ಅಂದ್ರೆ ಸ್ವರಲಿಪಿ, ಮುಂದಿಟ್ಕೊಂಡು ಕೇಳಿ. ಐದು ಮೂವ್‌ಮೆಂಟು (ಭಾಗ), ಮೂರನೇದು ನಡುವೆ, ಒಂದನೇದಕ್ಕೆ ಐದನೇದು ಜೋಡಿ, ಎರಡನೇದಕ್ಕೆ ನಾಲ್ಕನೇದು ಜೋಡಿ, ಎರಡನೇದು ಪೂರ್ತಿ ಮ್ಯೂಟ್ (ಸದ್ದು ತಗ್ಗಿಸೋ ಚಿಕ್ಕ ಸಾಧನ) ಹಾಕ್ಕೊಂಡು ನುಡಿಸೋದು, ನಾಲ್ಕನೇದ್ರಲ್ಲಿ ಕಮಾನೇ ಇಲ್ಲ, ಬರೀ ಬೆರಳಲ್ಲಿ ಮೀಟೋದು, ಕೆಲವು ಕಡೆ ತಂತಿ ಫಿಂಗರ್‌ಬೋರ್ಡಿಗೆ (ಬೆರಳೊತ್ತೋ ಹಲಗೆಗೆ) ಟಪ್ ಅಂತ ಹೊಡೆಯುತ್ತೆ, ಎಷ್ಟು ಚೆಂದ ಅಂತೀರಾ!

ನಿಮ್ಮ ಪೀಸ್‌ಗೆ ಮೂರ್ನಾಲ್ಕು ಸ್ವರದ ಮೋಟಿಫ್ (ಮತ್ತೆ ಮತ್ತೆ ಬರೋ ಪುಟ್ಟ ಸ್ವರಗುಚ್ಛ) ಸಾಕು, ತಲೆಕೆಳಗೆ ಮಾಡಿ, ಹಿಂದಿನಿಂದ ಓದಿ, ಬಾಯಲ್ಲಿ ಹಾಡ್ಕೊಂಡು ನೋಡಿ. ಕಂಪ್ಯೂಟರ್ ಪ್ಲೇಬ್ಯಾಕ್ ನಂಬ್ಬೇಡಿ, ಎರಡು ಸ್ವರ ಒಂದೇ ತಂತೀಲಿ ಬಿದ್ರೆ ವಯೋಲಾದಲ್ಲಿ ಒಟ್ಟಿಗೆ ನುಡಿಸೋಕಾಗಲ್ಲ, ಕಂಪ್ಯೂಟರ್ ಮಾತ್ರ ಆರಾಮಾಗಿ ನುಡಿಸಿಬಿಡುತ್ತೆ, ಅದಕ್ಕೇ ನುಡಿಸೋರಿಗೆ ಬೇಗ ತೋರಿಸಿ. ಅನಾಲಿಸಿಸ್‌ನಲ್ಲಿ ಬಾರ್ ನಂಬರ್ (ಸ್ಕೋರ್‌ನ ಎಷ್ಟನೇ ತಾಳಖಂಡ ಅಂತ) ಹಾಕಿ, ಕಿವಿಗೆ ಹೇಗೆ ಕೇಳುತ್ತೆ ಅನ್ನೋದನ್ನೂ ಬರೀರಿ.