ಆರು ಜನ, ಮೂರು ಜೋಡಿ, ಎರಡು ಕಿ.ಮೀ. ಸರದಿ: ರಾತ್ರಿಯಿಡೀ ಓಡುವ ರಿಲೇಯಲ್ಲಿ ನನ್ನ ಅನುಭವ

ದೂರ 200 ಕಿ.ಮೀ., ಓಡಿದವರು ಆರು ಜನ, ಹಿಡಿದ ಸಮಯ 18 ಗಂಟೆ 20 ನಿಮಿಷದ ಆಸುಪಾಸು. ಅಂದರೆ ಕಿ.ಮೀ.ಗೆ ಸರಾಸರಿ ಐದೂವರೆ ನಿಮಿಷ. ತಂಡದ ಯಾರೂ ಅಸಾಧಾರಣ ಓಟಗಾರರಲ್ಲ. ಇದೇ ಆರು ಜನ ಇಷ್ಟೇ ದೂರವನ್ನು ಹಳೆಯ ಪದ್ಧತಿಯಲ್ಲಿ ಓಡಿದಾಗ ಒಂದೂವರೆ ಗಂಟೆಗಿಂತ ಹೆಚ್ಚು ತಡವಾಗಿತ್ತು. ಬದಲಾದದ್ದು ಕಾಲಲ್ಲ, ಸರದಿಯ ಲೆಕ್ಕ.

ಹಳೆಯ ಪದ್ಧತಿ ಎಲ್ಲರಿಗೂ ಗೊತ್ತಿದೆ. ಒಬ್ಬೊಬ್ಬರು 8 ಕಿ.ಮೀ. ಓಡಬೇಕು, ಆರೂ ಜನರ ಸುತ್ತು ಮುಗಿದ ಮೇಲೆ ಮತ್ತೆ ಮೊದಲನೆಯವರು. ಕಾಗದದ ಮೇಲೆ ಪ್ರತಿಯೊಬ್ಬರಿಗೂ ಸುಮಾರು ಮೂರು ಮುಕ್ಕಾಲು ಗಂಟೆ ವಿಶ್ರಾಂತಿ ಇರುತ್ತದೆ. ಆದರೆ ಉಳಿದವರು ಕೂತಿರುವ ವ್ಯಾನ್ ಮುಕ್ಕಾಲು ಗಂಟೆಗೊಮ್ಮೆ ನಿಲ್ಲಬೇಕು, ಬಾಗಿಲು ತೆರೆಯಬೇಕು, ದೀಪ ಹಾಕಬೇಕು, ಯಾರಾದರೂ ಶೂ ಹುಡುಕಬೇಕು. ಹಾಗಾಗಿ ರಾತ್ರಿಯಿಡೀ ಒಬ್ಬರೂ ಒಂದು ಗಂಟೆ ಒಟ್ಟಾಗಿ ಮಲಗುವುದಿಲ್ಲ. ಮೊದಲ ಸರದಿಯಲ್ಲಿ 5:10ರ ಪೇಸ್ (ಕಿ.ಮೀ.ಗೆ 5 ನಿಮಿಷ 10 ಸೆಕೆಂಡ್) ಇದ್ದವರು ಮೂರನೆಯದರಲ್ಲಿ 6:20ಕ್ಕೆ ಇಳಿಯುತ್ತಾರೆ. ನಾವು ಇದನ್ನು ತರಬೇತಿಯ ಕೊರತೆ ಎಂದುಕೊಂಡು ವಾರಕ್ಕೆ ಇನ್ನೊಂದು ದೂರದ ಓಟ ಸೇರಿಸಿದೆವು. ಪೇಸ್ ಆಗಲೂ ಇಳಿಯಿತು. ಕೊರತೆ ಇದ್ದದ್ದು ನಿದ್ದೆಯದು.

ಈಗಿನ ಪದ್ಧತಿ ಹೀಗಿದೆ. ಆರು ಜನರನ್ನು ಮೂರು ಜೋಡಿ ಮಾಡಿ, ಒಂದು ಜೋಡಿಗೆ ಸುಮಾರು ಎರಡು ಗಂಟೆಯ ಪಾಳಿ ಕೊಡಬೇಕು, ಅಂದರೆ 22 ಕಿ.ಮೀ. ಪಾಳಿಯೊಳಗೆ ಇಬ್ಬರೂ 2 ಕಿ.ಮೀ.ಗೊಮ್ಮೆ ಬದಲಾಗುತ್ತಾರೆ. ಒಬ್ಬರು 11 ನಿಮಿಷ ಓಡುವಾಗ ಇನ್ನೊಬ್ಬರು ಕಾರಿನಲ್ಲಿ ಮುಂದೆ ಹೋಗಿ ಕಾಯುತ್ತಾರೆ. ಉಳಿದ ನಾಲ್ವರು ವ್ಯಾನಿನಲ್ಲಿ ನೇರ ಮುಂದಿನ ಪಾಳಿಯ ಜಾಗಕ್ಕೆ ಹೋಗಿ ಮಲಗುತ್ತಾರೆ. ಎರಡು ಗಂಟೆ ದುಡಿಮೆ, ನಾಲ್ಕು ಗಂಟೆ ಬಿಡುವು, ಒಟ್ಟು ಒಂಬತ್ತು ಪಾಳಿ.

ಒಂದು ಪಾಳಿಯಲ್ಲಿ ಹನ್ನೊಂದು ತುಂಡು ಬರುವುದರಿಂದ ಒಬ್ಬರಿಗೆ ಆರು, ಇನ್ನೊಬ್ಬರಿಗೆ ಐದು ಬೀಳುತ್ತದೆ. ಮುಂದಿನ ಪಾಳಿಯಲ್ಲಿ ಅದನ್ನು ಅದಲುಬದಲು ಮಾಡಿದರೆ ಕೊನೆಗೆ ಒಬ್ಬರದು 34, ಇನ್ನೊಬ್ಬರದು 32 ಕಿ.ಮೀ. ಆಗುತ್ತದೆ.

ಸಣ್ಣ ಸರದಿ ನಮ್ಮ ಆವಿಷ್ಕಾರವೇನೂ ಅಲ್ಲ. 2014ರಲ್ಲಿ ಶುರುವಾದ ದಿ ಸ್ಪೀಡ್ ಪ್ರಾಜೆಕ್ಟ್‌ನಲ್ಲಿ ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ವರೆಗಿನ ಸುಮಾರು 340 ಮೈಲಿಯನ್ನು ತಂಡಗಳು ತಮಗೆ ಬೇಕಾದಂತೆ ಹಂಚಿಕೊಂಡು ಓಡುತ್ತವೆ. ಆದರೆ 1982ರಿಂದ ನಡೆಯುತ್ತಿರುವ ಹುಡ್ ಟು ಕೋಸ್ಟ್‌ನಂಥ ಓಟಗಳಲ್ಲಿ 36 ಲೆಗ್ (ಒಬ್ಬರು ಓಡುವ ತುಂಡು) ಮೊದಲೇ ನಿಗದಿಯಾಗಿರುತ್ತವೆ, ಅಲ್ಲಿ ಇದು ನಡೆಯದು. ಹೆಸರು ಕೊಡುವ ಮೊದಲು ನಿಯಮಾವಳಿಯಲ್ಲಿ ಎರಡು ವಿಷಯ ನೋಡಿ: ಸರದಿ ಎಲ್ಲಿ ಬೇಕಾದರೂ ಬದಲಿಸಬಹುದೇ, ಎರಡನೇ ವಾಹನಕ್ಕೆ ಅನುಮತಿ ಇದೆಯೇ.

ನಮಗೆ ಬಂದ ಆಕ್ಷೇಪ ಮುಖ್ಯವಾಗಿ ಮೂರು. ನೂರು ಹ್ಯಾಂಡೋವರ್‌ಗಳಲ್ಲೇ (ಓಟಗಾರರು ಬದಲಾಗುವ ಕ್ಷಣಗಳಲ್ಲೇ) ಸಮಯ ಸೋರಿಹೋಗುತ್ತದೆ ಎಂಬುದು ಮೊದಲನೆಯದು. ಒಂದು ಹ್ಯಾಂಡೋವರ್‌ಗೆ ಮೂರು ಸೆಕೆಂಡ್ ಹಿಡಿದರೂ ನೂರಕ್ಕೆ ಐದು ನಿಮಿಷ. ಕೊನೆಯ ಪಾಳಿಯಲ್ಲೂ ಪೇಸ್ 5:40ರ ಆಚೆ ಹೋಗದಿದ್ದರೆ ಆ ಐದು ನಿಮಿಷ ಒಂದೇ ಪಾಳಿಯಲ್ಲಿ ವಾಪಸ್ ಬರುತ್ತದೆ. ಓಡು, ನಿಲ್ಲು, ಓಡು ಎಂದರೆ ಮೀನಖಂಡ ಸೆಟೆದುಕೊಳ್ಳುತ್ತದೆ ಎಂಬುದು ಎರಡನೆಯದು. ಇದರಲ್ಲಿ ಸತ್ಯ ಇದೆ, ಮುಂದೆ ಹೇಳುತ್ತೇನೆ. ಮೂರನೆಯದು ಖರ್ಚು. ಅದರಲ್ಲೂ ಸತ್ಯ ಇದೆ.

ಮೊದಲು ತುಂಡಿನ ಉದ್ದ. ಅಭ್ಯಾಸದಲ್ಲಿ 1 ಕಿ.ಮೀ.ಯಿಂದ ಶುರು ಮಾಡಿದೆವು, ಅದು ಪೂರ್ತಿ ಕೆಟ್ಟಿತು. ಕಾರು ಹೊರಟು, ಜಾಗ ನೋಡಿ, ನಿಲ್ಲಿಸಿ, ಓಟಗಾರ ಇಳಿಯುವಷ್ಟರಲ್ಲಿ ಮೂರು ನಿಮಿಷ ಹೋಗುತ್ತದೆ. ಉಳಿದ ಎರಡು ನಿಮಿಷದಲ್ಲಿ ನೀರು ಕುಡಿಯುವುದೂ ಕಷ್ಟ. ದಾರಿಯಲ್ಲಿ ಒಂದು ಕಡೆ ವಾಹನಗಳು ಕಿಕ್ಕಿರಿದಿದ್ದಾಗ ಓಟಗಾರರೇ ಕಾರಿಗಿಂತ ಮೊದಲು ಬಂದು ನಿಂತರು. ಆಮೇಲೆ 5 ಕಿ.ಮೀ. ನೋಡಿದೆವು. ಇಪ್ಪತ್ತೇಳು ನಿಮಿಷ ಕೂತರೆ ಬೆವರು ಆರಿ ಮೈ ತಣ್ಣಗಾಗುತ್ತದೆ, ಎದ್ದ ಮೇಲೆ ಮೊದಲ 400 ಮೀಟರ್ ಕಾಲು ಮರದ ತುಂಡಿನಂತಿರುತ್ತದೆ. ಮೀನಖಂಡ ಸೆಟೆಯುವುದು ಇಲ್ಲಿ. 2 ಕಿ.ಮೀ.ಗೆ ಎಂಟು ನಿಮಿಷ ಸಿಗುತ್ತದೆ: ಉಸಿರು ಇಳಿಯುತ್ತದೆ, ಎರಡು ಗುಟುಕು ನೀರು ಒಳಗೆ ಹೋಗುತ್ತದೆ, ಸ್ನಾಯು ಬಿಸಿಯಾಗಿಯೇ ಇರುತ್ತದೆ. ಕಾರಿನಲ್ಲಿ ಕೂರುವಾಗ ಎಸಿ ಮುಖಕ್ಕೆ ಬರಲಿ, ಕಾಲಿಗೆ ಬೇಡ. ಕಾಲ ಮೇಲೆ ಒಂದು ಹೊದಿಕೆ ಹಾಕಿ. ಸರದಿಗೆ ಒಂದು ನಿಮಿಷ ಮೊದಲು ಇಳಿದು ಕಾರಿನ ಪಕ್ಕ ನಿಂತು ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಸಾಕು.

ರಾತ್ರಿ 11ರಿಂದ 5ರವರೆಗೆ ಮಾತ್ರ 3 ಕಿ.ಮೀ. ಮಾಡಿಕೊಳ್ಳಿ. ಕತ್ತಲಲ್ಲಿ ಕಾರು ರಸ್ತೆ ಬದಿಗೆ ಎಷ್ಟು ಸಲ ನಿಲ್ಲುತ್ತದೋ ಅಷ್ಟು ಸಲ ಅಪಾಯ. ತಂಪಿರುವುದರಿಂದ 3 ಕಿ.ಮೀ. ಭಾರವೂ ಆಗುವುದಿಲ್ಲ. ಏರಿನಲ್ಲಿ ಮತ್ತು ಬಿಸಿಲಿನಲ್ಲಿ ಒಂದೂವರೆಗೆ ಇಳಿಸಿ. ಸಣ್ಣ ತುಂಡಿನ ದೊಡ್ಡ ಲಾಭ ಇದೇ: ಇಳಿಜಾರು ಯಾರಿಗೆ, ಏರು ಯಾರಿಗೆ ಎಂದು ನಾವೇ ಆರಿಸಿಕೊಳ್ಳಬಹುದು. ಇಳಿಜಾರು ತೊಡೆಯನ್ನು ಸದ್ದಿಲ್ಲದೆ ಹಾಳುಮಾಡುತ್ತದೆ, ಅದರ ಬೆಲೆ ಮುಂದಿನ ಪಾಳಿಯಲ್ಲಿ ಗೊತ್ತಾಗುತ್ತದೆ. ತೊಡೆ ಗಟ್ಟಿಯಿದ್ದವರಿಗೇ ಅದನ್ನು ಬಿಡಿ.

ಪಾಳಿಯನ್ನು ಗಡಿಯಾರಕ್ಕೆ ಕಟ್ಟಬೇಡಿ. ಮೊದಲ ಸಲ ಸರಿಯಾಗಿ ಎರಡು ಗಂಟೆ ಎಂದು ಹಿಡಿದೆವು. ಜೋಡಿಯ ಪಾಳಿ ಮುಗಿದಾಗ ವ್ಯಾನ್ ನಿಲ್ಲಿಸಲು ಜಾಗವೇ ಇಲ್ಲದ ರಸ್ತೆಯಲ್ಲಿದ್ದರು, ಮುಂದೆ ನಿಂತಿದ್ದ ವ್ಯಾನ್ ತಿರುಗಿ ಬರಬೇಕಾಯಿತು, ಮಲಗಿದ್ದವರೆಲ್ಲ ಎದ್ದರು. ಈಗ ವ್ಯಾನ್ ನಿಲ್ಲುವ ಜಾಗ ಮೊದಲು, ದೂರ ಆಮೇಲೆ. ಸಮತಟ್ಟಾದ ನೆಲ, ರಸ್ತೆಯಿಂದ ಐವತ್ತು ಮೀಟರ್ ಒಳಗೆ, ಹತ್ತಿರ ಶೌಚಾಲಯ. ಇವು ಸಿಗುವಲ್ಲಿ ಪಾಳಿ ಕಡಿಯಿರಿ. 20 ಆಗಲಿ, 24 ಆಗಲಿ, ತೊಂದರೆಯಿಲ್ಲ.

ನಿದ್ದೆಯ ಲೆಕ್ಕವೇ ಇಡೀ ಪದ್ಧತಿಯ ಜೀವ. ನಾಲ್ಕು ಗಂಟೆ ಬಿಡುವಿನಲ್ಲಿ ಕೈಗೆ ಸಿಗುವುದು ಎರಡೂವರೆ ಗಂಟೆಗೂ ಕಡಿಮೆ. ಪಾಳಿ ಮುಗಿಸಿದವರು ಹತ್ತಿದ ಕೂಡಲೇ ವ್ಯಾನ್ ಹೊರಡಬೇಕು. ಬಟ್ಟೆ ಬದಲಿಸುವುದು, ತಿನ್ನುವುದು ಎಲ್ಲ ಮುಂದಿನ ಜಾಗದಲ್ಲಿ ಎಂದುಕೊಂಡರೆ ಅರ್ಧ ಗಂಟೆ ಕಳೆದಂತೆ. ಒದ್ದೆ ಶರ್ಟ್ ಒಂದನ್ನು ಹತ್ತುವಾಗಲೇ ಬದಲಿಸಿ, ಬೆಲ್ಟ್ ಹಾಕಿ ಕೂತು, ದಾರಿಯಲ್ಲೇ ತಿಂದು ಮುಗಿಸಿದರೆ ನಿಂತ ತಕ್ಷಣ ಮಲಗಬಹುದು. ವ್ಯಾನ್ ಚಲಿಸುವಾಗ ಯಾರೂ ಮಲಗುವಂತಿಲ್ಲ, ಎಲ್ಲರೂ ಬೆಲ್ಟ್ ಹಾಕಿ ಕೂರಬೇಕು. ಅದರಲ್ಲಿ ರಾಜಿ ಬೇಡ. ನಡುವೆ ಒಮ್ಮೆ ವ್ಯಾನ್ ಮುಂದಕ್ಕೆ ಹೋಗುವಾಗ ಎದ್ದು ಕೂರುವುದು ತಪ್ಪದು. ಅದಕ್ಕೆ ಹಿಂದಿನ ಸಾಲು ಈಗಾಗಲೇ ಮಲಗಿದವರಿಗೆ, ಮುಂದಿನ ಸಾಲು ಹೊಸದಾಗಿ ಹತ್ತುವವರಿಗೆ. ಇಯರ್‌ಪ್ಲಗ್, ಕಣ್ಣುಪಟ್ಟಿ ತಲೆಗೊಂದು. ವ್ಯಾನಿನೊಳಗೆ ಕೆಂಪು ಬೆಳಕು ಮಾತ್ರ.

ಎಬ್ಬಿಸುವುದು ಪಾಳಿಗೆ 40 ನಿಮಿಷ ಮೊದಲು. ಗಾಢ ನಿದ್ದೆಯಿಂದ ಎದ್ದವರಿಗೆ ಮಂಪರು ಇಳಿಯಲು ಅರ್ಧ ಗಂಟೆಯಾದರೂ ಬೇಕು. ಹದಿನೈದು ನಿಮಿಷ ಮೊದಲು ಎಬ್ಬಿಸಿ ನೋಡಿದ್ದೇವೆ: ಮೊದಲ ತುಂಡು ಕಿ.ಮೀ.ಗೆ ನಲವತ್ತು ಸೆಕೆಂಡ್ ನಿಧಾನ, ಜೊತೆಗೆ ಒಬ್ಬರು ತಿರುವು ತಪ್ಪಿದರು. ಕೆಫೀನ್ ಕೂಡ ಆ ಹೊತ್ತಿಗೇ, ದೇಹತೂಕದ ಕಿಲೋಗೆ 3 ಮಿ.ಗ್ರಾಂ. ಮೀರದಂತೆ. 65 ಕಿಲೋ ತೂಗುವವರಿಗೆ ಸುಮಾರು 200 ಮಿ.ಗ್ರಾಂ. ಮಧ್ಯರಾತ್ರಿಗೆ ಮೊದಲು ಯಾರಿಗೂ ಇಲ್ಲ. ದೇಹದಲ್ಲಿ ಅದು ಅರ್ಧಕ್ಕಿಳಿಯಲು ಐದು ಗಂಟೆಯಷ್ಟು ಬೇಕು, ಸಂಜೆ ಕುಡಿದರೆ ರಾತ್ರಿಯ ನಿದ್ದೆ ಹೋಯಿತು. ನಸುಕಿನ ಮೂರಕ್ಕೆ ಶುರುವಾಗುವ ಪಾಳಿಗೆ ನಮ್ಮ ಫ್ಲಾಸ್ಕ್‌ನಲ್ಲಿ ಇನ್ನೊಂದು ವಸ್ತುವೂ ಇರುತ್ತದೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಮಧ್ಯಾಹ್ನ 3ಕ್ಕೆ ಹೊರಟರೆ ಮೊದಲ ಜೋಡಿಗೆ ರಾತ್ರಿ 9–11 ಮತ್ತು ನಸುಕಿನ 3–5, ಎರಡನೆಯದಕ್ಕೆ 11–1 ಮತ್ತು 5–7, ಮೂರನೆಯದಕ್ಕೆ 1–3 ಬರುತ್ತದೆ. ನಸುಕಿನಲ್ಲಿ ಏಳುವ ಅಭ್ಯಾಸದವರು ಮೊದಲ ಜೋಡಿಯಲ್ಲಿರಲಿ, ತಡರಾತ್ರಿ ಎಚ್ಚರವಿರುವವರು ಮೂರನೆಯದರಲ್ಲಿ. ಹೊಸಬರನ್ನು ಎರಡನೆಯದಕ್ಕೆ ಹಾಕಿ. ಬೆಳಕು ಹರಿಯುವಾಗ ಓಡುವುದು ಎಲ್ಲಕ್ಕಿಂತ ಸುಲಭ, ಕಿ.ಮೀ.ಗೆ ಹತ್ತು ಸೆಕೆಂಡ್ ತಾನಾಗಿಯೇ ಉಳಿಯುತ್ತದೆ. ಜೋಡಿಯೊಳಗೆ ಯಾರಿಗೆ ಯಾರು ಎಂಬುದಕ್ಕೆ ನಮ್ಮದೇ ಒಂದು ಲೆಕ್ಕ ಇದೆ. ಇಬ್ಬರ ಪೇಸ್ ಒಂದೇ ಇರಬೇಕಾಗಿಲ್ಲ ಎಂದಷ್ಟೇ ಹೇಳಬಲ್ಲೆ.

ಬೆಳಕಿನ ಬಗ್ಗೆ ಒಂದು ಮಾತು. ಹೆಡ್‌ಲ್ಯಾಂಪ್ 250 ಲ್ಯೂಮೆನ್ ಇದ್ದರೆ ರಸ್ತೆಗೆ ಧಾರಾಳ. ಆದರೆ ಹಣೆಯ ಮೇಲಿನ ಬೆಳಕಿನಲ್ಲಿ ಗುಂಡಿಯ ನೆರಳು ಕಾಣುವುದಿಲ್ಲ, ನೆಲವೆಲ್ಲ ಸಪಾಟಾಗಿ ತೋರುತ್ತದೆ. ಮಂಜಿದ್ದರೆ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತದೆ. ಅದೇ ದೀಪವನ್ನು ಸೊಂಟದ ಬೆಲ್ಟಿಗೆ ಕಟ್ಟಿ ನೋಡಿ, ಎರಡೂ ತೊಂದರೆ ಹೋಗುತ್ತವೆ. ಬೆನ್ನಿಗೆ ಮಿನುಗುವ ಕೆಂಪು ದೀಪ, ಪ್ರತಿಫಲಕ ವೆಸ್ಟ್ ಆರು. ಜೋಡಿಗೊಂದರಂತೆ ಮೂರು ವೆಸ್ಟ್ ತಂದು ಹಂಚಿಕೊಂಡರೆ ಪ್ರತಿ ಹ್ಯಾಂಡೋವರ್‌ಗೆ ಇಪ್ಪತ್ತು ಸೆಕೆಂಡ್ ದಂಡ. ಕೈ ಬದಲಾಗಬೇಕಾದದ್ದು ಸಮಯ ದಾಖಲಿಸುವ ಚಿಪ್ ಇರುವ ಪಟ್ಟಿ ಒಂದೇ. ಅದೂ ಒಮ್ಮೆ ಕಾರಿನ ಸೀಟಿನಲ್ಲಿ ಉಳಿದು ನಾಲ್ಕು ನಿಮಿಷ ತಿಂದಿತು. ಅಂದಿನಿಂದ ಪಟ್ಟಿ ಕೊಟ್ಟವರು, ತೆಗೆದುಕೊಂಡವರು ಇಬ್ಬರೂ "ಪಟ್ಟಿ" ಎಂದು ಜೋರಾಗಿ ಹೇಳಬೇಕು.

ಹೊಟ್ಟೆಯ ವಿಷಯದಲ್ಲಿ ಪೆಟ್ಟು ತಿಂದದ್ದು ಓಟಗಾರರು ತಿನ್ನುವ, ಸಕ್ಕರೆ ಪಾಕದಂಥ ಜೆಲ್‌ನಿಂದ. ಪ್ರತಿ ತುಂಡಿನ ನಡುವೆ ಬಿಡುವು ಸಿಗುತ್ತದಲ್ಲ ಎಂದು ಪ್ರತಿ ಸಲವೂ ಬಾಯಿಗೆ ಏನಾದರೂ ಹಾಕಿಕೊಂಡರೆ ಗಂಟೆಗೆ ನೂರು ಗ್ರಾಂ ಸಕ್ಕರೆ ಒಳಗೆ ಹೋಗುತ್ತದೆ. ರೂಢಿಯಿಲ್ಲದ ಹೊಟ್ಟೆ ಅದನ್ನು ತಡೆಯದು. ಇಬ್ಬರಿಗೆ ಭೇದಿ ಶುರುವಾಯಿತು. ಗಂಟೆಗೆ 40–50 ಗ್ರಾಂ ಕಾರ್ಬೋಹೈಡ್ರೇಟ್, ಅರ್ಧ ಲೀಟರ್ ನೀರು, ಅಷ್ಟೇ. ನಿಜವಾದ ಊಟ ಪಾಳಿ ಮುಗಿದ ಮೊದಲ ಅರ್ಧ ಗಂಟೆಯಲ್ಲಿ: ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಮೊಟ್ಟೆ. ನೋವಿನ ಮಾತ್ರೆಗಳನ್ನು ಕಿಟ್‌ನಲ್ಲೇ ಇಡಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಹೊರೆ.

ಇನ್ನು ದುಡ್ಡು. ಒಟ್ಟು ಖರ್ಚನ್ನು ಹತ್ತು ಪಾಲು ಮಾಡಿದರೆ ನಾಲ್ಕು ಪಾಲು ವಾಹನ ಬಾಡಿಗೆಗೆ, ಎರಡು ಪ್ರವೇಶ ಶುಲ್ಕಕ್ಕೆ, ಒಂದೂವರೆ ಇಂಧನಕ್ಕೆ, ಒಂದೂವರೆ ಚಾಲಕರಿಗೆ, ಉಳಿದದ್ದು ತಿಂಡಿ, ದೀಪ, ಬ್ಯಾಟರಿಗೆ ಹೋಯಿತು. ಎರಡನೇ ವಾಹನವೇ ಹೆಚ್ಚುವರಿ ಹೊರೆ. ಒಂದೇ ವ್ಯಾನಿನಲ್ಲಿ ಓಡಿದ್ದಕ್ಕಿಂತ ತಲೆಗೆ ಮೂರನೇ ಒಂದರಷ್ಟು ಜಾಸ್ತಿ ಬಿತ್ತು. ಕಾರು ಸಣ್ಣದಿದ್ದಷ್ಟೂ ಒಳ್ಳೆಯದು, ಅದರಲ್ಲಿ ಇರುವವರು ಚಾಲಕ ಮತ್ತು ಒಬ್ಬ ಓಟಗಾರ ಮಾತ್ರ. ಬಾಡಿಗೆ ಕರಾರಿನಲ್ಲಿ ಕಿ.ಮೀ. ಮಿತಿ ನೋಡಿ: ಜಾಗ ಹುಡುಕುವುದು, ಇಂಧನಕ್ಕೆ ಹೋಗುವುದು ಸೇರಿ ಕಾರು 260 ಕಿ.ಮೀ. ಓಡಿತು, ವಾಪಸಿನ ದೂರ ಬೇರೆ. ಶುಚಿಗೊಳಿಸುವ ದಂಡವೂ ಬಿತ್ತು, ಅದಕ್ಕೀಗ ಸೀಟಿಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಹಣ ಎಲ್ಲರಿಂದಲೂ ಎಂಟು ವಾರ ಮೊದಲೇ ತೆಗೆದುಕೊಳ್ಳಿ. ಬಿಟ್ಟುಹೋಗುವವರು ಬದಲಿ ಓಟಗಾರರನ್ನು ಕೊಟ್ಟರೆ ಮಾತ್ರ ವಾಪಸು.

ಚಾಲಕರು ಮೂವರು, ಯಾರೂ ಓಡುವವರಲ್ಲ. ಓಡಿ ದಣಿದವರ ಕೈಗೆ ರಾತ್ರಿ ಸ್ಟಿಯರಿಂಗ್ ಕೊಡಬೇಡಿ. ಕಾರಿನ ಚಾಲಕ ಆರು ಗಂಟೆಗೊಮ್ಮೆ ಬದಲಾಗಬೇಕು. ಕಾರಿನ ಬ್ಯಾಟರಿ ಒಮ್ಮೆ ನಡುರಾತ್ರಿ ಸತ್ತಿತು: ಎಂಜಿನ್ ಆರಿಸಿ ಗಂಟೆಗಟ್ಟಲೆ ಹಜಾರ್ಡ್ ದೀಪ, ಒಳದೀಪ, ಫೋನ್ ಚಾರ್ಜರ್ ಎಲ್ಲ ಬಳಸಿದ್ದೇ ಕಾರಣ. ಜಂಪರ್ ಕೇಬಲ್ ವ್ಯಾನಿನಲ್ಲಿತ್ತು, ವ್ಯಾನ್ 15 ಕಿ.ಮೀ. ಮುಂದಿತ್ತು. ಅಲ್ಲಿ ಒಬ್ಬರೇ 9 ಕಿ.ಮೀ. ಓಡಬೇಕಾಯಿತು. ಈಗ ಕೇಬಲ್ ಜೊತೆಗೆ ಒಂದು ಪೋರ್ಟಬಲ್ ಸ್ಟಾರ್ಟರ್ ಕಾರಿನಲ್ಲೇ ಇರುತ್ತದೆ. ರಸ್ತೆಗೆ ಎಚ್ಚರಿಕೆಯಾಗಿ ಬ್ಯಾಟರಿಯಲ್ಲಿ ಮಿನುಗುವ ದೀಪಗಳನ್ನು ಹಿಂದೆ ಇಡುತ್ತೇವೆ.

ಕಾರಿನ ಖರ್ಚು ತಪ್ಪಿಸಲು ಸೈಕಲ್ ಪ್ರಯೋಗವನ್ನೂ ಮಾಡಿದೆವು. ಜೋಡಿಯಲ್ಲಿ ಒಬ್ಬರು ಓಡುವಾಗ ಇನ್ನೊಬ್ಬರು ಪಕ್ಕದಲ್ಲಿ ಸೈಕಲ್ ತುಳಿಯುವುದು, 3 ಕಿ.ಮೀ.ಗೊಮ್ಮೆ ಅದಲುಬದಲು. ಸಮತಟ್ಟಿನಲ್ಲಿ ಇದು ಅದ್ಭುತವಾಗಿತ್ತು. ಕಾಲು ತಣ್ಣಗಾಗುವುದಿಲ್ಲ, ಸೈಕಲ್ ದೀಪ ರಸ್ತೆ ತೋರಿಸುತ್ತದೆ, ಹ್ಯಾಂಡೋವರ್‌ಗೆ ಕಾಯುವ ಮಾತೇ ಇಲ್ಲ. ಏರು ಬಂದಾಗ ಕೆಟ್ಟಿತು. ಓಡುವವರ ವೇಗದಲ್ಲಿ ಏರು ತುಳಿಯುವುದು ವಿಶ್ರಾಂತಿಯಲ್ಲ, ಎರಡನೇ ಪಾಳಿಗೆ ತೊಡೆ ಸೋತುಹೋಗಿತ್ತು. ಸೀಟಿನ ಎತ್ತರ ಇಬ್ಬರಿಗೂ ಹೊಂದಬೇಕು ಎಂಬುದೂ ಆಗಲೇ ಗೊತ್ತಾದದ್ದು. ಪೂರ್ತಿ ಸಮತಟ್ಟಿನ ದಾರಿ ಸಿಕ್ಕರೆ ಮತ್ತೆ ಮಾಡಿ ನೋಡುವೆವು.

ಕೊನೆಯ 6 ಕಿ.ಮೀ.ಯನ್ನು ಆರೂ ಜನ ಒಂದೊಂದು ಕಿ.ಮೀ. ಓಡಿ ಮುಗಿಸುವುದು ಚೆನ್ನಾಗಿ ಕಾಣುತ್ತದೆ, ಒಂದು ನಿಮಿಷ ಉಳಿಯುತ್ತದೆ ಕೂಡ. ಆದರೆ ಮೊದಲ ಜೋಡಿ ಓಡಿ ನಾಲ್ಕು ಗಂಟೆಯಾಗಿರುತ್ತದೆ, ಆ ಕಾಲಿಗೆ ಏಕಾಏಕಿ ವೇಗ ಕೊಟ್ಟಾಗ ಒಬ್ಬರಿಗೆ ಮೀನಖಂಡ ಹಿಡಿಯಿತು. ಮುಂದಿನ ಸಲ ಕೊನೆಯ 6 ಕಿ.ಮೀ.ಗೆ ಎರಡನೇ ಮತ್ತು ಮೂರನೇ ಜೋಡಿಯ ನಾಲ್ವರೇ, 500 ಮೀಟರ್ ತುಂಡುಗಳಲ್ಲಿ, ಎರಡೂ ವಾಹನ ಬಳಸಿ. ಮೊದಲ ಜೋಡಿ ಗುರಿಯ ಹತ್ತಿರ ಚಾಪೆ, ನೀರು, ಒಣ ಬಟ್ಟೆ ಇಟ್ಟುಕೊಂಡು ಕಾಯುತ್ತದೆ.